ರಾಜನ ತಲೆ ಉರುಳಿದ ಮೇಲೆ ಗೇಣಿ ಯಾರಿಗೆ?

ಈಗ ಕಾಲೇಜು ಹುಡುಗರು ಮೇಜಿನ ಸುತ್ತ ಕೂತು ಆಡುವ ಒಂದು ಆಟವುಂಟು. ಒಬ್ಬ ಕತೆಯ ನೂಲು ಹಿಡಿಯುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಆ ಹೊತ್ತಿಗೆ ತೋಚಿದ್ದನ್ನು ಮಾತಾಡುತ್ತಾರೆ. ಗೆದ್ದರೋ ಸೋತರೋ ಎಂಬುದನ್ನು ದಾಳ ಹೇಳುತ್ತದೆ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್'ನಿಂದ ಇದು ಲೋಕಕ್ಕೆಲ್ಲ ಹಬ್ಬಿತು. ಮಂತ್ರ, ಮಾಯೆ, ರಾಕ್ಷಸ, ಕೋಟೆ. ಕೋಟೆಯೊಳಗೊಬ್ಬ ದುಷ್ಟ ರಾಜ. ಅವನ ಮೇಲೊಂದು ಕ್ರಾಂತಿ.

ಇದನ್ನು ಕೇಳಿ ಹಿರಿಯಡ್ಕದವರು ಬೆರಗಾಗಬೇಕಾದ್ದೇನೂ ಇಲ್ಲ ಮಾರಾಯ್ರೆ. ತಾಳಮದ್ದಲೆ ಎಂದರೆ ಮತ್ತೆಂತ? ವೇಷವಿಲ್ಲ, ಕುಣಿತವಿಲ್ಲ. ಭಾಗವತ ಪದ ಹೇಳುತ್ತಾನೆ, ಕೂತವನು ರಾವಣನಾಗುತ್ತಾನೆ. ಬರೆದುಕೊಟ್ಟ ಮಾತು ಒಂದೂ ಇಲ್ಲ. ಊರ ಹೆಸರಿನ ಮೇಳ ತಿರುಗಾಟ ಮಾಡಿದ ನೆಲ ಇದು. ಮದ್ದಲೆಯ ಹಿರಿಯಡ್ಕ ಗೋಪಾಲರಾಯರು (1919–2020) ನೂರು ವರ್ಷ ದಾಟಿ ಬಾಳಿದ ನೆಲ. ಪಾತ್ರ ವಹಿಸಿ ವಾದಿಸುವುದನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಆದರೆ ಇಷ್ಟೊಂದು ಬಾಯಿ ಇರುವ ಈ ನಾಡು ಕ್ರಾಂತಿಯ ಪ್ರಸಂಗವನ್ನು ಹೇಗೆ ಕಟ್ಟಿದೆ? ನಮ್ಮ ತಕರಾರು ಇರುವುದು ಅಲ್ಲಿ.

'ವಾಲಿವಧೆ'ಯನ್ನೇ ನೋಡಿ. ಮರೆಯಲ್ಲಿ ನಿಂತು ಬಾಣ ಬಿಟ್ಟವನನ್ನು ವಾಲಿ ನಿಲ್ಲಿಸಿ ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿ ವಾಲಿಯಾಗಿ ಕೂತರೆ ಎದುರಿನ ರಾಮ ಬೆವರುತ್ತಿದ್ದ ಎಂದು ಹಳಬರು ಈಗಲೂ ಹೇಳುತ್ತಾರೆ. ರಾಜ್ಯ ಯಾರದು, ನ್ಯಾಯ ಯಾರದು, ನಮ್ಮ ಕಾಡಿಗೆ ನೀನು ಯಾರು – ಎಲ್ಲವೂ ಅಲ್ಲಿ ಬರುತ್ತದೆ. ಸರಿ, ಆಮೇಲೆ? ಬೆಳಗಾಗುವ ಹೊತ್ತಿಗೆ ವಾಲಿ ಕೈಮುಗಿದು ಮೋಕ್ಷ ಪಡೆಯಲೇಬೇಕು. ಪದ ಹಾಗಿದೆ. ಮಾತಿನಲ್ಲಿ ಬಂಡಾಯಕ್ಕೆ ಪೂರ್ತಿ ಸ್ವಾತಂತ್ರ್ಯ, ಕತೆಯಲ್ಲಿ ಒಂದು ಇಂಚೂ ಇಲ್ಲ. ಸಭಿಕರೂ ವಾದಕ್ಕೆ ಚಪ್ಪಾಳೆ ಹೊಡೆದು ಮೋಕ್ಷಕ್ಕೆ ತಲೆದೂಗಿ ಮನೆಗೆ ಹೋಗುತ್ತಾರೆ.

ಪುರಾಣ ಬಿಡಿ, ನಮ್ಮ ಪಾಡ್ದನಗಳಿಗೆ ಬನ್ನಿ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ಭೈರವರಸ ವೀರಪಾಂಡ್ಯನ ಹೆಸರಿನಲ್ಲಿ. ಕೆತ್ತಿದ ಬೀರ ಕಲ್ಕುಡನ ಎಡಗೈ ಬಲಗಾಲನ್ನು ಅರಸು ಕಡಿಸಿದ, ಇನ್ನೊಂದು ಕಡೆ ಇಂಥದ್ದನ್ನು ಮಾಡದಿರಲಿ ಅಂತ. ಹೀಗನ್ನುತ್ತದೆ ಪಾಡ್ದನ. ಅವನು ಉಳಿದ ಒಂದು ಕೈಯಲ್ಲಿ ವೇಣೂರಿನ ಗೊಮ್ಮಟನನ್ನೂ ಕಡೆದನಂತೆ. ವೇಣೂರಿನದು 1604ರದ್ದು, ನಡುವೆ 172 ವರ್ಷ. ಪಂಡಿತರು ಇದನ್ನು ಹಿಡಿದು ನಗುತ್ತಾರೆ. ನಗಲಿ. ಕಡಿಸಿಕೊಂಡ ಕೈಯ ಲೆಕ್ಕ ಶಾಸನದಲ್ಲಿ ಬರೆಯುವುದಿಲ್ಲ, ಪಾಡ್ದನ ಬರೆದುಕೊಂಡಿದೆ. ತಂಗಿ ಕಲ್ಲುರ್ಟಿಯ ಜೊತೆ ಅವನು ಮಾಯವಾಗಿ, ದೈವವಾಗಿ ಅರಸನನ್ನು ಕಾಡುತ್ತಾನೆ. ಸಿಟ್ಟು ಇದೆ, ಬೆಂಕಿ ಇದೆ. ಆದರೆ ಕೇಳಲೇಬೇಕಾದ್ದು: ಕಲ್ಕುಡ ಅರಸನನ್ನು ಹಿಡಿಯಲು ಮೊದಲು ಮನುಷ್ಯನ ಕಾಯ ಯಾಕೆ ಬಿಡಬೇಕಾಯಿತು? ಬದುಕಿರುವ ಕಲ್ಲುಕುಟಿಗನಿಗೆ ಆಗದ್ದು ಸತ್ತ ದೈವಕ್ಕೆ ಆಗುತ್ತದೆ ಎಂದಮೇಲೆ, ಬದುಕಿರುವ ಕಲ್ಲುಕುಟಿಗ ನಾಳೆ ಕಾಯುವುದು ಏನನ್ನು?

ಕೋಟಿ ಚೆನ್ನಯರ ಕತೆಯಲ್ಲಿ ಇನ್ನೊಂದು ಗಂಟು. ಬೈದೆತಿಯ ಮಕ್ಕಳು, ಗದ್ದೆಯ ನೀರಿನ ಜಗಳದಲ್ಲಿ ಬುದ್ಯಂತನನ್ನು ಕೊಂದವರು, ಪೆರುಮಾಳೆ ಬಲ್ಲಾಳನಿಗೆ ಎದುರು ನಿಂತು ಪಡುಮಲೆ ಬಿಟ್ಟು ನಡೆದವರು. ಇಷ್ಟರವರೆಗೆ ನಮ್ಮ ಮೈ ನವಿರೇಳುತ್ತದೆ. ಆಮೇಲೆ ಅವರು ಎಣ್ಮೂರಿನಲ್ಲಿ ಇನ್ನೊಬ್ಬ ಬಲ್ಲಾಳನ ಪರವಾಗಿ ಕಾದಾಡಿ ಸತ್ತರು. ವೀರರಿಗೆ ಊರೂರಲ್ಲಿ ಗರಡಿ ಎದ್ದಿತು, ಬಲ್ಲಾಳರಿಗೆ ಬೀಡು ಉಳಿಯಿತು.

ಮೇಜಿನಾಟದ ಗೆಳೆಯರು ಈ ತೊಡಕುಗಳಿಂದ ಪಾರಾಗಬಹುದಿತ್ತು, ಯಾಕೆಂದರೆ ಅವರ ಆಟಕ್ಕೆ ಮೊದಲೇ ಬರೆದ ಮಂಗಳಪದ ಇಲ್ಲ. ಆದರೂ ಕತೆ ಕಟ್ಟುವಾಗ ಒಬ್ಬ ದುಷ್ಟ ರಾಜನನ್ನೂ ಕಾಣೆಯಾದ ಒಬ್ಬ ರಾಜಕುಮಾರನನ್ನೂ ತಂದಿಟ್ಟುಕೊಂಡರೆ ಆ ಸ್ವಾತಂತ್ರ್ಯ ಯಾತಕ್ಕೆ? ರಾಜನ ತಲೆ ಉರುಳಿದ ಮರುದಿನ ಗೇಣಿ ಅಳೆಯುವ ಕಳಸಿಗೆ ಯಾರ ಕೈಯಲ್ಲಿದೆ, ಉಪ್ಪು ಯಾರ ಉಗ್ರಾಣದಲ್ಲಿದೆ ಎಂದು ಆಟದಲ್ಲಿ ಯಾರಾದರೂ ಕೇಳಬೇಡವೆ?

ಇತಿಹಾಸವೇ ಇಂಥ ಒಂದು ಆಟ ಆಡಿದೆ. 1834ರಲ್ಲಿ ಕಂಪನಿ ಸರಕಾರ ಕೊಡಗಿನ ಅರಸನನ್ನು ಇಳಿಸಿತು. ಅಮರಸುಳ್ಯದ ರೈತರು ಧಾನ್ಯದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ರೊಕ್ಕದಲ್ಲಿ ಕೊಡಿ ಎಂದಿತು. ರೊಕ್ಕ ಎಲ್ಲಿಂದ ತರುವುದು? 1837ರ ಏಪ್ರಿಲ್ 5ರಂದು ಅವರು ಮಂಗಳೂರಿಗೇ ನುಗ್ಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ಎರಡು ವಾರದಷ್ಟು ದಿನ ಊರು ಅವರ ಕೈಯಲ್ಲಿತ್ತು. ಮುಂದೆ ನಡೆದವನು ಶನಿವಾರಸಂತೆ ಕಡೆಯ ಪುಟ್ಟಬಸಪ್ಪ, ಅರಸು ವಂಶದ ಕಲ್ಯಾಣಸ್ವಾಮಿಯ ಪಾತ್ರ ವಹಿಸಿ. ಆಡಿದ್ದು ಪಾತ್ರ, ಬಿದ್ದದ್ದು ನಿಜವಾದ ಗಲ್ಲು. ರೈತನ ಸಿಟ್ಟು ರೈತನ ಹೆಸರಲ್ಲೇ ಏಳಲು ಆಗಲಿಲ್ಲ, ಅರಸನ ಹೆಸರು ಬೇಕಾಯಿತು. ಇದು ಪುಟ್ಟಬಸಪ್ಪನ ದೋಷವಲ್ಲ. ಆ ಕಾಲದ ಜನರ ಕೈಯಲ್ಲಿದ್ದ ಪ್ರಸಂಗ ಅದೊಂದೇ.

ಹೋಲಿಸಿ ನೋಡಿ. ಅಮೆರಿಕದಲ್ಲಿ ಆ ಆಟ ಹುಟ್ಟಿದ 1974ರಲ್ಲೇ, ಮಾರ್ಚ್ 1ರಿಂದ, ನಮ್ಮಲ್ಲಿ ತಿದ್ದುಪಡಿಯಾದ ಭೂಸುಧಾರಣೆ ಕಾನೂನು ಜಾರಿಗೆ ಬಂತು. ಚಾಲಗೇಣಿಯ ಒಕ್ಕಲು ಏಳನೇ ನಂಬರ್ ಫಾರ್ಮು ತುಂಬಿ, ಭೂನ್ಯಾಯ ಮಂಡಳಿಯೆದುರು ಧಣಿಯ ಮುಖಕ್ಕೆ ಮುಖ ಕೊಟ್ಟು ನಿಂತ. ಕತ್ತಿಯಿಲ್ಲ, ಮಾಯೆಯಿಲ್ಲ. ಅಕ್ಕಿಮುಡಿ ಹೊರುವುದು ನಿಂತಿತು. ಇದಕ್ಕಿಂತ ದೊಡ್ಡ ಪಲ್ಲಟ ಈ ಜಿಲ್ಲೆ ಕಂಡಿಲ್ಲ. ಆದರೆ ಗದ್ದೆ ಬಂದದ್ದು ಗೇಣಿದಾರನಿಗೆ. ಅದೇ ಗದ್ದೆಯಲ್ಲಿ ತಲೆಮಾರು ತಲೆಮಾರು ನಟ್ಟಿ ನೆಟ್ಟ ಮೂಲದಾಳಿಗೆ ಅಲ್ಲ. ಅವನಲ್ಲಿ ತೋರಿಸಲು ಗೇಣಿಚೀಟಿಯೇ ಇರಲಿಲ್ಲ. ಒಂದೇ ಕ್ರಾಂತಿಯೊಳಗೆ ಗೆದ್ದವನೂ ಹೊರಗುಳಿದವನೂ ಒಂದೇ ಬದುವಿನ ಮೇಲೆ ನಿಂತಿರುವ ಈ ದೃಶ್ಯವನ್ನು ಯಾವ ಮೇಳವಾದರೂ ಆಡಿದೆಯೆ?

ಆಡಬೇಕೆಂದರೆ ಕತೆ ಇಲ್ಲೇ ಉಂಟು. ಕೊರಗರಲ್ಲಿ ಹುಬಾಶಿಕ ಎಂಬ ಅರಸನಿದ್ದ, ತುಳುನಾಡನ್ನು ಗೆದ್ದು ಆಳಿದ, ಆಮೇಲೆ ಮದುವೆಯ ನೆಪ ಹೂಡಿ ಅವನ ಕಡೆಯವರನ್ನು ಮೋಸದಿಂದ ಕೊಂದರು, ಉಳಿದವರು ಕಾಡು ಸೇರಿದರು ಎಂಬ ಐತಿಹ್ಯ ಉಂಟು. ಇದನ್ನು ಆಡಲು ಹೊರಡುವ ಹುಡುಗರು ಹುಬಾಶಿಕನ ಪಾತ್ರಕ್ಕೆ ಜಗಳಾಡುವುದು ಬೇಡ. ಚಪ್ಪರದಲ್ಲಿ ಡೋಲು ಬಡಿಯುತ್ತಿದ್ದವನ ಪಾತ್ರ ಯಾರಾದರೂ ತೆಗೆದುಕೊಳ್ಳಲಿ. ಕತ್ತಿ ಎದ್ದಾಗ ಅವನು ಡೋಲು ನಿಲ್ಲಿಸಿದನೆ, ಬಡಿಯುತ್ತಲೇ ಇದ್ದನೆ? ದಾಳ ಹಾಕುವ ಮೊದಲು ಅವನ ಅರ್ಥ ಕೇಳಿ. ಅವನ ಮೊಮ್ಮಕ್ಕಳಿಂದ ಕಂಬಳದಲ್ಲಿ ಡೋಲು ಬಡಿಸುವ, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ ಕಾನೂನು ಮಾಡಿದ್ದು 2000ದಲ್ಲಿ.