ಫೆನಿಗೇಕೆ ಓಕ್ ಪೀಪಾಯಿ?

ಓಕ್ ಪೀಪಾಯಿಯಲ್ಲಿ ಕೂತು ಕಂದುಬಣ್ಣಕ್ಕೆ ತಿರುಗಿದ ಗೇರುಫೆನಿಗೆ ಈಗ ಗೌರವ ಜಾಸ್ತಿ, ಬೆಲೆಯೂ ಜಾಸ್ತಿ. ನನ್ನ ಲೆಕ್ಕದಲ್ಲಿ ಅದು ದಾರಿ ತಪ್ಪಿದ ಮದ್ಯ. ಗೋವಾದ ಹಳ್ಳಿಗಳಲ್ಲಿ ಮನೆಮಂದಿಯೇ ನಡೆಸುವ ಭಟ್ಟಿಗಳಲ್ಲಿ ಇಳಿಯುವ ಫೆನಿಯ ಗುಣವೆಲ್ಲ ಇರುವುದು ಹಣ್ಣಿನಲ್ಲಿ. ಬೇಸಿಗೆಯಲ್ಲಿ ತಾನಾಗಿ ಉದುರಿದ ಗೇರುಹಣ್ಣನ್ನು ತುಳಿದು ರಸ ತೆಗೆದು, ಕೆಲವು ದಿನ ಹುಳಿಯಲು ಬಿಟ್ಟು ಭಟ್ಟಿ ಇಳಿಸಿದರೆ ಮೊದಲು ಸಿಗುವುದು ಉರಾಕ್; ಸುಮಾರು ಶೇ 15ರಷ್ಟು ಆಲ್ಕೋಹಾಲ್. ಅದಕ್ಕೆ ಮತ್ತಷ್ಟು ಹುಳಿತ ರಸ ಬೆರೆಸಿ ಇನ್ನೊಮ್ಮೆ ಇಳಿಸಿದರೆ ಫೆನಿ, ಶೇ 40ರ ಆಚೆ. ಎರಡನೇ ಸಲ ರಸ ಸೇರಿಸುವುದು ಪರಿಮಳವನ್ನು ಮರಳಿ ತುಂಬುವುದಕ್ಕೆ. ಅಂದರೆ ಫೆನಿಯ ಮೊದಲ ಬೆರಕೆ ಭಟ್ಟಿಯೊಳಗೇ ನಡೆದುಬಿಡುತ್ತದೆ. ಇಷ್ಟು ಪಾಡುಪಟ್ಟು ಉಳಿಸಿಕೊಂಡ ಗಂಧದ ಮೇಲೆ ವೆನಿಲಾದ ವಾಸನೆ, ಮರದ ಒಗರು ಹೇರುವುದರಲ್ಲಿ ಏನು ಜಾಣತನ?

ಹಾಗಾದರೆ ಹೊಸ ಫೆನಿಯನ್ನು ಅಂದೇ ಕುಡಿಯಬೇಕೇ ಎಂದು ಕೇಳಬಹುದು. ಬೇಡ, ಅದಕ್ಕೆ ಬಿಡುವು ಬೇಕು. ಆಗಷ್ಟೇ ಇಳಿದ ಮದ್ಯದ ಮೂಗಿಗೆ ಹೊಡೆಯುವ ಖಾರ ತಿಂಗಳುಗಳಲ್ಲಿ ತಗ್ಗುತ್ತದೆ. ಆದರೆ ಬಿಡುವಿಗೆ ಮರವೇ ಆಗಬೇಕೆಂದಿಲ್ಲ. ಪೆರು ದೇಶದ ದ್ರಾಕ್ಷಿ ಮದ್ಯ ಪಿಸ್ಕೊ ಕನಿಷ್ಠ ಮೂರು ತಿಂಗಳು ಕೂರಲೇಬೇಕು, ಅದೂ ಗಾಜು, ಉಕ್ಕಿನಂಥ ರುಚಿಗೆ ಕೈಹಾಕದ ಪಾತ್ರೆಗಳಲ್ಲಿ. ಅಲ್ಲಿನ ನಿಯಮ ಮರವನ್ನು ಒಪ್ಪುವುದಿಲ್ಲ. ಗೋವಾದ ಮನೆಗಳೂ ಫೆನಿಯನ್ನು ದೊಡ್ಡ ಗಾಜಿನ ಜಾಡಿಗಳಲ್ಲೇ ಇಟ್ಟುಕೊಂಡು ಬಂದಿವೆ. ನಿಜವಾದ ಕೈಚಳಕ ಬೇಕಾದದ್ದು ಆಮೇಲೆ: ಒಂದು ಗುಡ್ಡದ ಫೆನಿಯನ್ನು ಇನ್ನೊಂದರದ್ದಕ್ಕೆ, ಹಂಗಾಮಿನ ಮೊದಲ ಇಳಿಕೆಯನ್ನು ಕೊನೆಯದಕ್ಕೆ ಹದವಾಗಿ ಬೆರೆಸುವುದರಲ್ಲಿ. ಈ ವಿದ್ಯೆಗೆ ನಮ್ಮಲ್ಲಿ ಯಾರೂ ದುಡ್ಡು ಕೊಡುವುದಿಲ್ಲ, ಬಣ್ಣಕ್ಕೆ ಕೊಡುತ್ತಾರೆ.

ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಓಕ್‌ನಲ್ಲೇ ಮಾಗಿ ಲೋಕ ಗೆಲ್ಲಲಿಲ್ಲವೇ ಎನ್ನುವವರಿದ್ದಾರೆ. ಗೆದ್ದಿತು. ಆದರೆ ಮಾಲ್ಟ್ ವಿಸ್ಕಿ ತನ್ನ ರುಚಿಯ ದೊಡ್ಡ ಪಾಲನ್ನು ಮರದಿಂದಲೇ ಪಡೆಯಬೇಕಾದ ಮದ್ಯ, ಅಲ್ಲಿನ ಪೀಪಾಯಿಗಳೂ ದೊಡ್ಡವು. ಮನೆಭಟ್ಟಿಯವರ ಕೈಗೆಟುಕುವುದು ಐದು ಲೀಟರಿನ ಪುಟ್ಟ ಪೀಪಾಯಿ. 200 ಲೀಟರಿನದಕ್ಕೆ ಹೋಲಿಸಿದರೆ ಅದರಲ್ಲಿ ಪ್ರತಿ ಲೀಟರಿಗೆ ತಗಲುವ ಮರ ಮೂರು ಪಟ್ಟಿಗೂ ಹೆಚ್ಚು. ಕರಾವಳಿಯ ಸೆಕೆಯಲ್ಲಿ ಮರದ ಸಾರ ಬೇಗ ಇಳಿಯುತ್ತದೆ; ನಿಧಾನವಾಗಿ ಆಗಬೇಕಾದ ಉಳಿದ ಬದಲಾವಣೆಗಳು ಅದರ ಓಟಕ್ಕೆ ಹೆಜ್ಜೆ ಹಾಕುವುದಿಲ್ಲ. ಕೊನೆಗೆ ಉಳಿಯುವುದು ಹಲಗೆಯ ಕಷಾಯ. ಫೆನಿಯ ಗಬ್ಬುನಾತ ಪೇಟೆಯವರಿಗೆ ಆಗುವುದಿಲ್ಲ, ಮರ ಅದನ್ನು ಮೆದುವಾಗಿಸುತ್ತದೆ ಎಂಬುದು ಇನ್ನೊಂದು ವಾದ. ನಾತ ಹಣ್ಣಿನದಾದರೆ ಅದೇ ಫೆನಿ. ಕೊಳೆತ ಹಣ್ಣಿನದೋ ತೊಳೆಯದ ಪಾತ್ರೆಯದೋ ಆದರೆ ತಿದ್ದಬೇಕಾದದ್ದು ಭಟ್ಟಿಯನ್ನು. ಹಲವು ಸಲ ಬಳಸಿ ಸಾರ ಬತ್ತಿದ ಹಳೆಯ ಪೀಪಾಯಿ ಅಷ್ಟು ಕೆಡಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಏನನ್ನೂ ಕೊಡದ ಪಾತ್ರೆಯೇ ಬೇಕೆಂದಾದರೆ ಗಾಜಿನ ಜಾಡಿ ಅಗ್ಗ, ಸೋರುವುದೂ ಇಲ್ಲ.