ಕರೆ ಬಂದರೆ ಮಾತ್ರೆ ನುಂಗಿದಂತೆಯೆ?

ಉಪಕರಣವೊಂದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ತಿಳಿಯದೆ ಅದರ ಅಂಕಿಗಳನ್ನು ನಂಬಬಾರದು ಎಂದು ನೀವು ಪ್ರಯೋಗಶಾಲೆಯಲ್ಲಿ ಕಲಿತಿದ್ದೀರಿ. ಇದೇ ಮಾತು '99ಡಾಟ್ಸ್' ಎಂಬ ವ್ಯವಸ್ಥೆಗೂ ಅನ್ವಯಿಸುತ್ತದೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ರೂಪುಗೊಂಡ ಇದನ್ನು ಕ್ಷಯ, ಎಚ್‌ಐವಿ ಎರಡೂ ಇರುವ ರೋಗಿಗಳಿಗೆ ಎ.ಆರ್.ಟಿ. ಕೇಂದ್ರಗಳ ಮೂಲಕ ಬಳಕೆಗೆ ತರಲಾಯಿತು.

ಇದರ ಜಾಣ್ಮೆ ಮೆಚ್ಚತಕ್ಕದ್ದೇ. ಕ್ಷಯದ ಮಾತ್ರೆಯನ್ನು ಒತ್ತಿ ಹೊರತೆಗೆದಾಗ ಅದರ ಹಿಂದೆ ಅಡಗಿದ್ದ ದೂರವಾಣಿ ಸಂಖ್ಯೆ ಕಾಣುತ್ತದೆ. ಆ ಸಂಖ್ಯೆಗೆ ಶುಲ್ಕವಿಲ್ಲದ ಕರೆ ಮಾಡಿದರೆ ಅಂದಿನ ಮಾತ್ರೆ ಸೇವಿಸಿದಂತೆ ದಾಖಲಾಗುತ್ತದೆ. ಕೂಲಿ ಬಿಟ್ಟು ಕೇಂದ್ರಕ್ಕೆ ಹೋಗಿ, ಕಾರ್ಯಕರ್ತರ ಎದುರು ನುಂಗುವ ತೊಂದರೆ ತಪ್ಪುತ್ತದೆ.

ಆದರೆ ಇಲ್ಲಿ ಅಳೆದದ್ದು ಕರೆಯನ್ನು, ಸೇವನೆಯನ್ನಲ್ಲ. ನುಂಗದೆಯೂ ಕರೆ ಮಾಡಬಹುದು. ನುಂಗಿಯೂ ಕರೆ ಮಾಡದಿರಬಹುದು. ತಮಿಳುನಾಡು ಮತ್ತು ಮುಂಬಯಿಯ ರೋಗಿಗಳ ಮೂತ್ರದಲ್ಲಿ ಐಸೊನಿಯಜಿಡ್ ಔಷಧಿಯ ಕುರುಹನ್ನು ಪರೀಕ್ಷಿಸಿ ಹೋಲಿಸಿದ, 2020ರಲ್ಲಿ ಪ್ರಕಟವಾದ ಅಧ್ಯಯನವು ಕರೆಗಳ ದಾಖಲೆ ಸಾಕಷ್ಟು ನಿಖರವಲ್ಲವೆಂದು ತೋರಿಸಿತು.

ಈ ದೋಷ ಯಾದೃಚ್ಛಿಕವಾಗಿದ್ದರೆ ಸರಾಸರಿಯಲ್ಲಿ ಕರಗೀತು. ಹಳ್ಳಿಗಳಲ್ಲಿ ಅದು ಹಾಗಿಲ್ಲ. ಮನೆಗೆಲ್ಲ ಒಂದೇ ಫೋನು, ಅದೂ ಹಗಲೆಲ್ಲ ಗಂಡನ ಜೇಬಿನಲ್ಲಿ. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಇಲ್ಲ. ಕಾಯಿಲೆಯ ಸುದ್ದಿ ನೆರೆಹೊರೆಗೆ ತಿಳಿದೀತೆಂಬ ಅಂಜಿಕೆ ಬೇರೆ. ಹೀಗೆ ದೋಷವೆಲ್ಲ ಒಂದೇ ಕಡೆಗೆ, ಬಡವರ ಕಡೆಗೆ ವಾಲುತ್ತದೆ. ಇದು ವ್ಯವಸ್ಥಿತ ದೋಷ. ಸಾವಿರ ರೋಗಿಗಳನ್ನು ಸೇರಿಸಿದರೂ ಹೋಗುವುದಿಲ್ಲ. 24 ವಾರಗಳ 168 ದಿನಗಳಲ್ಲಿ ಒಂದನ್ನೂ ಬಿಡದೆ ಮಾತ್ರೆ ನುಂಗಿದಾಕೆಯೂ ಪರದೆಯ ಮೇಲೆ 'ನಿರ್ಲಕ್ಷ್ಯ'ದ ರೋಗಿಯಾಗಿ ಕಾಣಬಹುದು.

ಇನ್ನೊಂದು ಕೊರತೆಯೂ ಉಂಟು. ಕ್ಷಯದ ರಿಫಾಂಪಿಸಿನ್, ಎಚ್‌ಐವಿಯ ಡೊಲುಟೆಗ್ರಾವಿರ್ ಔಷಧಿಯು ದೇಹದಲ್ಲಿ ಬೇಗ ವಿಘಟನೆಯಾಗುವಂತೆ ಮಾಡುತ್ತದೆ. ಆದ್ದರಿಂದ ದಿನಕ್ಕೆ ಒಂದರ ಬದಲು ಎರಡು ಬಾರಿ 50 ಮಿಲಿಗ್ರಾಂ ಕೊಡಬೇಕಾಗುತ್ತದೆ. ಆ ಎರಡನೆಯ ಮಾತ್ರೆ ತಪ್ಪಿತೇ ಎಂಬುದನ್ನು ಕ್ಷಯದ ಪೊಟ್ಟಣದ ಕರೆ ಹೇಳಲಾರದು.

ಹಾಗೆಂದು ಈ ಸಾಧನವನ್ನು ಎಸೆಯಬೇಕಿಲ್ಲ. ಬಾರದ ಕರೆಯನ್ನು ತೀರ್ಪೆಂದು ಬಗೆಯದೆ, ಆರೋಗ್ಯ ಕಾರ್ಯಕರ್ತೆ ಆ ಮನೆಗೆ ಹೋಗಿ 'ಏನು ಅಡ್ಡಿಯಾಯಿತು?' ಎಂದು ವಿಚಾರಿಸಲು ಸೂಚನೆಯೆಂದು ಬಗೆದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯೂ 2013ರಲ್ಲಿ 'ಡಿಫಾಲ್ಟರ್' ಎಂಬ ಪದವನ್ನು ಕೈಬಿಟ್ಟಿತು. ಪದ ಹೋದ ಮೇಲೆ ಅದರ ಹಿಂದಿನ ಆರೋಪವನ್ನು ಅಂಕಿಗಳ ರೂಪದಲ್ಲಿ ನಾವು ಮರಳಿ ತರಬಾರದು.