ಹನ್ನೊಂದು ಗಂಟೆಯ ಕಲೆ

ಕ್ಷೇಮೇಂದ್ರನು ಔಚಿತ್ಯದ ಸ್ಥಾನಗಳನ್ನು ಎಣಿಸುವಾಗ ಕಾಲವನ್ನೂ ಅವುಗಳಲ್ಲಿ ಸೇರಿಸಿರುವನು. ಕಾವ್ಯದೊಳಗಿನ ಕಾಲವನ್ನು ಕುರಿತು ಆತನು ಹೇಳಿದ ಮಾತನ್ನು, ಕೃತಿಯು ಜನರ ಮುಂದೆ ಬರುವ ಹೊತ್ತಿಗೂ ಅನ್ವಯಿಸಿ ನೋಡಬಹುದು. ಟೆಲಿವಿಷನ್ ಯಂತ್ರವು ನಡುಮನೆಗೆ ಬಂದಮೇಲೆ ಸಂಜೆಯ ಹೊತ್ತನ್ನು ವಾರ್ತೆಗಳೂ ವಿನೋದಗಳೂ ಆಕ್ರಮಿಸಿಕೊಂಡುವು. ಹೊಸ ಪ್ರಯೋಗದ ಕಿರುಚಿತ್ರ, ಸಂಗೀತ, ಚಿತ್ರಕಲೆಗಳ ಪಾಲಿಗೆ ಉಳಿದದ್ದು ಊರು ಮಲಗುವ ಹೊತ್ತು. ಇದು ಆದರವೋ, ಬಹಿಷ್ಕಾರವೋ? ಬ್ರಿಟನ್ನಿನ ಒಂದು ನಿದರ್ಶನವು ಈ ಪ್ರಶ್ನೆಗೆ ಬೆಳಕನ್ನು ಕೊಡುತ್ತದೆ.

1982ನೆಯ ಇಸವಿ ನವೆಂಬರ್ 2ರಂದು ಅಲ್ಲಿ ಚಾನೆಲ್ ಫೋರ್ ಎಂಬ ಪ್ರಸಾರಸಂಸ್ಥೆಯು ಆರಂಭವಾಯಿತು. ಕಾರ್ಯಕ್ರಮಗಳ ರೂಪದಲ್ಲಿಯೂ ವಸ್ತುವಿನಲ್ಲಿಯೂ ನಾವೀನ್ಯವನ್ನೂ ಪ್ರಯೋಗವನ್ನೂ ಪ್ರೋತ್ಸಾಹಿಸಬೇಕೆಂದು ಶಾಸನವೇ ಅದಕ್ಕೆ ವಿಧಿಸಿತ್ತು. 1992ರ ಕೊನೆಯವರೆಗೆ ಅದರ ವೆಚ್ಚವನ್ನು ಐ.ಟಿ.ವಿ. ಕಂಪನಿಗಳು ಭರಿಸುತ್ತಿದ್ದುವು, ಅದರ ಜಾಹೀರಾತುಗಳನ್ನು ಮಾರುವ ಹಕ್ಕೂ ಅವುಗಳದೇ ಆಗಿತ್ತು. ಆದಕಾರಣ ಪ್ರತಿಯೊಂದು ಕಾರ್ಯಕ್ರಮಕ್ಕೂ ನೋಟಕರ ತಲೆಯೆಣಿಸಿ ಬೆಲೆ ಕಟ್ಟಬೇಕಾದ ಸಂಕಟ ಸಂಸ್ಥೆಗೆ ಇರಲಿಲ್ಲ. ಈ ಆಶ್ರಯದಲ್ಲಿ ಹುಟ್ಟಿದ್ದೇ ಸೋಮವಾರ ರಾತ್ರಿ ಹನ್ನೊಂದರ ಸುಮಾರಿಗೆ ಬರುತ್ತಿದ್ದ 'ದಿ ಇಲೆವೆಂತ್ ಅವರ್' ಎಂಬ ಮಾಲೆ. ಅದರ ಹೊಣೆಯನ್ನು ಹೊತ್ತವರು ಅಲನ್ ಫೌಂಟನ್ ಮಹಾಶಯರು.

ಅಭಿನವಗುಪ್ತಾಚಾರ್ಯರು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳಿರುವರು. ತನ್ನ ಸುಖದುಃಖಗಳಲ್ಲಿಯೇ ಮುಳುಗಿರುವುದು ಅವುಗಳಲ್ಲೊಂದು. ಒಲೆ ಆರಿ, ಮಕ್ಕಳು ಮಲಗಿ, ಬಾಗಿಲಿಗೆ ಅಗುಳಿ ಬಿದ್ದ ಮೇಲೆ ಈ ವಿಘ್ನವು ಬಹುಮಟ್ಟಿಗೆ ಶಮನವಾಗುತ್ತದೆ. ಹೀಗಿರುವಲ್ಲಿ ರಾತ್ರಿಯು ಕಲೆಗೆ ಪ್ರತಿಕೂಲವೆನ್ನಲಾಗದು. ಆದರೆ ಅರಿವಿನ ಉಪಾಯಗಳ ಕೊರತೆಯೂ ಸ್ಫುಟತೆಯ ಅಭಾವವೂ ಅದೇ ಪಟ್ಟಿಯಲ್ಲಿವೆ. ಪ್ರಯೋಗವೆಂಬ ಹೆಸರಿನಲ್ಲಿ ಬಂದ ಎಷ್ಟೋ ಚಿತ್ರಗಳು ಇಲ್ಲಿಯೇ ಮುಗ್ಗರಿಸಿದುವು. ಅಸ್ಪಷ್ಟತೆಯನ್ನೇ ಧ್ವನಿಯೆಂದು ಭ್ರಮಿಸಿದುವು. ಈ ಸಂಸ್ಥೆಗಾಗಿಯೇ ತಯಾರಾದ 'ಹ್ಯಾಂಡ್ಸ್‌ವರ್ತ್ ಸಾಂಗ್ಸ್' (1986) ಎಂಬ ಚಿತ್ರವು, 1985ರ ಗಲಭೆಗಳನ್ನು ಹಳೆಯ ದೃಶ್ಯಗಳಿಂದಲೂ ಚದುರಿದ ಧ್ವನಿಗಳಿಂದಲೂ ಹೆಣೆದಾಗ ಇದೇ ವಿವಾದವೆದ್ದಿತು. ಸಲ್ಮಾನ್ ರಷ್ದಿಯವರು ಅದರ ಭಾಷೆಯನ್ನು ಆಕ್ಷೇಪಿಸಿದರು. ಸ್ಟುವರ್ಟ್ ಹಾಲ್ ಅವರು ಹೊಸ ನುಡಿಯನ್ನು ಅರಸುವ ಯತ್ನವನ್ನು ಎತ್ತಿಹಿಡಿದರು. ಕೃತಿಯೊಂದು ಇಬ್ಬರು ಪ್ರಾಜ್ಞರನ್ನು ಹೀಗೆ ವಾದಕ್ಕಿಳಿಸಿದುದೇ ಅದರ ಸತ್ತ್ವಕ್ಕೆ ಸಾಕ್ಷಿ.

ನಿಶಾಕಾಲದ ಔಚಿತ್ಯವು ಸಂಪೂರ್ಣವಾಗಿ ಸಿದ್ಧಿಸಿದ್ದು ಡೆರೆಕ್ ಜಾರ್ಮನ್ ಮಹಾಶಯರ 'ಬ್ಲೂ' ಎಂಬ ಚಿತ್ರದಲ್ಲಿ. ಏಡ್ಸ್ ರೋಗದಿಂದ ಅವರ ದೃಷ್ಟಿಯು ನಂದುತ್ತಿತ್ತು. ಒಂದು ಗಂಟೆಗೂ ಮೀರಿದ ಆ ಕೃತಿಯಲ್ಲಿ ಆದಿಯಿಂದ ಅಂತ್ಯದವರೆಗೆ ಕಾಣುವುದು ಒಂದೇ ನೀಲವರ್ಣ. ಉಳಿದದ್ದೆಲ್ಲ ಕಂಠಧ್ವನಿ, ಸದ್ದು, ಸಂಗೀತ. 1993ರ ಸೆಪ್ಟೆಂಬರ್ 19ರ ರಾತ್ರಿ ಚಾನೆಲ್ ಫೋರ್ ಇದನ್ನು ತೋರಿಸಿತು, ಏಕಕಾಲದಲ್ಲಿ ಬಿ.ಬಿ.ಸಿ. ರೇಡಿಯೋ ತ್ರೀ ಕೇಳಿಸಿತು. ಇಲ್ಲಿ ಪೂರ್ವಪಕ್ಷಿಯು, ಚಿತ್ರವಿಲ್ಲದ್ದು ಚಿತ್ರವೆಂತಾದೀತು ಎಂದು ಕೇಳಬಹುದು. ನೋಟವನ್ನು ಕಳೆದುಕೊಳ್ಳುತ್ತಿರುವವನ ಲೋಕವನ್ನು ನಾನಾ ದೃಶ್ಯಗಳಿಂದ ತುಂಬಿದ್ದರೆ ಅದೇ ಅನೌಚಿತ್ಯವಾಗುತ್ತಿತ್ತೆಂಬುದು ಸಮಾಧಾನ. ಹಗಲಿನಲ್ಲಿ ಆ ತೆರೆಯನ್ನು ಕಂಡವನು ಯಂತ್ರ ಕೆಟ್ಟಿತೆಂದು ತಿಳಿದಾನು. ದೀಪವಾರಿಸಿದ ಕೋಣೆಯಲ್ಲಿಯಾದರೋ ಆ ನೀಲವು ಗೋಡೆಯ ಮೇಲೂ ನೋಡುವವನ ಮುಖದ ಮೇಲೂ ಹರಡಿ ಅವನನ್ನೂ ಆ ಕತ್ತಲೆಯೊಳಕ್ಕೆ ಕರೆದುಕೊಳ್ಳುತ್ತದೆ. ಐದು ತಿಂಗಳ ತರುವಾಯ, 1994ರ ಫೆಬ್ರವರಿಯಲ್ಲಿ, ಜಾರ್ಮನ್ ಅವರು ತೀರಿಕೊಂಡರು.

ಈಗ ಅಂತಹ ಕೃತಿಗಳಿಗೆ ಕಲಾಶಾಲೆಗಳಿವೆ, ಅಂತರ್ಜಾಲವಿದೆ. ಅರಸಿದವನಿಗೆ ಯಾವ ಹೊತ್ತಿನಲ್ಲಿಯೂ ಸಿಕ್ಕುತ್ತವೆ. ಅರಸದವನ ಗತಿಯೇನು? 1971ರಲ್ಲಿ ಡೇವಿಡ್ ಹಾಲ್ ಎಂಬ ಕಲಾವಿದರ ತುಣುಕುಚಿತ್ರಗಳನ್ನು ಸ್ಕಾಟಿಷ್ ಟೆಲಿವಿಷನ್ ಯಾವ ಪೀಠಿಕೆಯೂ ಇಲ್ಲದೆ ಪ್ರಸಾರಗಳ ನಡುವೆ ತೋರಿಸಿತು. ಅವುಗಳಲ್ಲೊಂದರಲ್ಲಿ ನಲ್ಲಿಯೊಂದು ಸುರಿದು, ಪೆಟ್ಟಿಗೆಯೇ ನೀರಿನಿಂದ ತುಂಬಿದಂತೆ ತೋರುತ್ತಿತ್ತು. ಕಲೆಯನ್ನು ನೋಡಬೇಕೆಂದು ಕುಳಿತವರು ಅಲ್ಲಿ ಯಾರೂ ಇರಲಿಲ್ಲ. ಕಲೆಯೇ ಅವರ ಬಳಿಗೆ ಬಂದಿತ್ತು. ನಿದ್ದೆ ಬಾರದೆ ಪೆಟ್ಟಿಗೆಯ ಮುಂದೆ ಕುಳಿತವನಿಗೆ ಹನ್ನೊಂದು ಗಂಟೆಯ ಆ ಮಾಲೆಯೂ ಇಂತಹ ಅಯಾಚಿತ ದರ್ಶನವನ್ನೇ ಒದಗಿಸುತ್ತಿತ್ತು. ಸಹೃದಯನು ಹುಟ್ಟಿನಿಂದಲೇ ಸಿದ್ಧನಾಗಿರುವುದಿಲ್ಲ. ಕಾವ್ಯದ ಅಭ್ಯಾಸದಿಂದ ಮನಸ್ಸಿನ ಕನ್ನಡಿ ತಿಳಿಯಾಗುತ್ತದೆಂದು ಹಿರಿಯರು ಹೇಳಿರುವರು. ಅಭ್ಯಾಸಕ್ಕೆ ಮೊದಲ ಭೇಟಿಯಾದರೂ ಬೇಕಷ್ಟೆ. ಊರು ಮಲಗಿದ ಹೊತ್ತಿನಲ್ಲಾದರೂ ಆ ಭೇಟಿಗೆ ಒಂದು ಗಂಟೆಯನ್ನು ಕಾದಿರಿಸುವುದು ಪ್ರಸಾರದ ಅಧಿಕಾರವುಳ್ಳವರ ಕರ್ತವ್ಯ. ಅದನ್ನೂ ಕಿತ್ತುಕೊಂಡಾಗಲೇ ಬಹಿಷ್ಕಾರವು ಪೂರ್ಣವಾಗುವುದು.